ಹೈಸ್ಕೂಲು ಮಕ್ಕಳ ಫೋನಿಗೆ ಹೆತ್ತವರ ಬೀಗ ಬೇಕೇ?

ಪರ: ಹಾಕಿ, ಹೇಳಿಯೇ ಹಾಕಿ

ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಗೆ ಮೊದಲು ಬರುವುದು ಅಣ್ಣನ ಹಳೆಯ ಫೋನು, ಇಲ್ಲವೇ ಗಲ್ಫಿನಿಂದ ಬಂದ ಮಾವ ಬಿಟ್ಟುಹೋದದ್ದು. ತೊಂದರೆಯ ಬೇರು ಅಲ್ಲೇ ಇದೆ: ಹಿಂದಿನವರ ಜಿಮೇಲ್, ಹಿಂದಿನವರ ಆ್ಯಪ್‌ಗಳು, ದೊಡ್ಡವರ ವಯಸ್ಸು.

ಮೊದಲು ಹಳೆಯ ಖಾತೆ ತೆಗೆಯಿರಿ, ಆಮೇಲೆ ಫ್ಯಾಕ್ಟರಿ ರಿಸೆಟ್, ಅಂದರೆ ಒಳಗಿನದನ್ನೆಲ್ಲ ಅಳಿಸಿ ಫೋನನ್ನು ಹೊಸದರಂತೆ ಮಾಡುವುದು. ಕ್ರಮ ತಪ್ಪಿದರೆ ಫೋನು ಹಳೆಯ ಪಾಸ್‌ವರ್ಡ್ ಕೇಳಿ ಅಲ್ಲೇ ನಿಂತೀತು. ಹೊಸ ಖಾತೆಗೆ ನಿಜವಾದ ಹುಟ್ಟಿದ ದಿನಾಂಕವನ್ನೇ ಕೊಡಿ. ಇನ್‌ಸ್ಟಾಗ್ರಾಂನಲ್ಲಿಯೂ ಅಷ್ಟೇ: 13ರಿಂದ 17ರವರಿಗೆ ಅದು ಕೊಡುವ ಟೀನ್ ಅಕೌಂಟಿನಲ್ಲಿ ಗುರುತಿಲ್ಲದವರು ನೇರವಾಗಿ ಮೆಸೇಜ್ ಮಾಡಲಾಗದು, ವಯಸ್ಸು ಸುಳ್ಳಾದರೆ ಆ ರಕ್ಷಣೆಯೂ ಹೋಯಿತು.

ಬಳಿಕ ಮಗುವಿನ ಫೋನಿನ ಮೇಲೆ ಹೆತ್ತವರು ಹಿಡಿತ ಇಟ್ಟುಕೊಳ್ಳುವ ಗೂಗಲ್‌ನ ಆ್ಯಪ್ ಫ್ಯಾಮಿಲಿ ಲಿಂಕ್ ಜೋಡಿಸಿ. ರಾತ್ರಿ ಒಂಬತ್ತೂವರೆಯಿಂದ ಬೆಳಿಗ್ಗೆ ಆರರವರೆಗೆ ಫೋನಿಗೆ ವಿರಾಮ, ಪ್ಲೇ ಸ್ಟೋರಿನಿಂದ ಏನೇ ಇಳಿಸಿಕೊಳ್ಳಲು ನಿಮ್ಮ ಒಪ್ಪಿಗೆ, ಪ್ಲೇ ಸ್ಟೋರಿನ ಹೊರಗಿನಿಂದ ಆ್ಯಪ್ ಹಾಕುವ ಎಪಿಕೆ ಕಡತಗಳಿಗೆ ತಡೆ. ಹೆಚ್ಚಿನವರು ಮರೆಯುವುದು ಒಂದನ್ನು: ಒಪ್ಪಿಗೆ ಬೇಕಾಗುವುದು ಹೊಸ ಆ್ಯಪ್‌ಗಳಿಗೆ ಮಾತ್ರ. ಮೊದಲೇ ಇದ್ದವುಗಳನ್ನು ಒಂದೊಂದಾಗಿ ನೋಡಿ ಮುಚ್ಚಬೇಕು. ಕ್ರೋಮ್‌ಗೆ ಹಾಕಿದ ಸೋಸುಬಲೆ ಬೇರೆ ಬ್ರೌಸರಿಗೆ ಅನ್ವಯಿಸುವುದಿಲ್ಲ. ಆ ಬ್ರೌಸರ್ ಇದ್ದರೆ ಮಿಕ್ಕ ದುಡಿಮೆಯೆಲ್ಲ ನೀರಿನಲ್ಲಿ ಹುಣಸೆಹಣ್ಣು ತೊಳೆದಂತೆ.

ವಿರೋಧ: ಅಪಾಯ ಬರುವ ಬಾಗಿಲೇ ಬೇರೆ

ಬೀಗ ಹಾಕಿದ್ದು ಸರಿ, ಕೀ ಯಾರ ಹತ್ತಿರ? ಅಮ್ಮನ ಜಿಮೇಲ್ ತೆರೆದುಕೊಟ್ಟದ್ದೇ ಮಗಳಾದರೆ ಒಪ್ಪಿಗೆ ಕೇಳುವವಳೂ ಕೊಡುವವಳೂ ಅವಳೇ.

ಅದಿರಲಿ. ಫ್ಯಾಮಿಲಿ ಲಿಂಕ್ ವಾಟ್ಸ್‌ಆ್ಯಪ್ ಮಾತುಕತೆಯೊಳಗೆ ಇಣುಕುವುದಿಲ್ಲ. ಇಣುಕುತ್ತೇವೆನ್ನುವ ಗೂಢಚಾರಿ ಆ್ಯಪ್‌ಗಳು ಕೆಟ್ಟ ಆ್ಯಪ್ ಹಿಡಿಯುವ ಗೂಗಲ್‌ನ ಕಾವಲು ಪ್ಲೇ ಪ್ರೊಟೆಕ್ಟ್ ಅನ್ನು ನಿಲ್ಲಿಸಲು ಹೇಳುತ್ತವೆ, ಮಗುವಿನ ಚಿತ್ರಗಳನ್ನು ಯಾವುದೋ ಸರ್ವರಿಗೆ ಸಾಗಿಸುತ್ತವೆ. ಕೆಟ್ಟ ಪದ ಹುಡುಕಿ ಎಚ್ಚರಿಸುವ ತಂತ್ರಾಂಶವೂ ಇದೆ. ನಮ್ಮ ಮಕ್ಕಳು ಒಂದೇ ಸಾಲಿನಲ್ಲಿ ತುಳು, ಮಲಯಾಳ, ಕನ್ನಡಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬೆರೆಸಿ ಬರೆಯುತ್ತಾರೆ. ಇಂಗ್ಲಿಷ್ ಪದಪಟ್ಟಿ ಹಿಡಿದು ಕೂತ ಯಂತ್ರಕ್ಕೆ ಅದು ಏನು ತಿಳಿದೀತು?

ನಿಜವಾದ ಕೆಡುಕು ಹೀಗೆ ಬರುತ್ತದೆ: ಹುಡುಗಿಯ ಹೆಸರಿನ ಖಾತೆ, ಎರಡು ದಿನ ಸಲಿಗೆ, ಒಂದು ಚಿತ್ರ, ಆಮೇಲೆ “ಎಲ್ಲರಿಗೂ ಕಳಿಸುತ್ತೇನೆ, ದುಡ್ಡು ಹಾಕು”. ಫೋನು ಕಿತ್ತುಕೊಳ್ಳುತ್ತಾರೆಂಬ ಹೆದರಿಕೆ ಇದ್ದ ಮಗು ಬಾಯಿ ಬಿಡುವುದಿಲ್ಲ. ಬೆದರಿಸುವವನಿಗೆ ಬೇಕಾದದ್ದೂ ಆ ಮೌನವೇ. ಆದ್ದರಿಂದ ಫೋನು ಕೊಡುವ ದಿನವೇ “ಏನಾದರೂ ಹೇಳು, ಫೋನು ತೆಗೆಯುವುದಿಲ್ಲ” ಎಂದು ಮಾತು ಕೊಡಿ, ಆ ಮಾತಿಗೆ ತಪ್ಪಬೇಡಿ.

ಬೆದರಿಕೆ ಬಂದರೆ ದುಡ್ಡು ಕೊಡಬಾರದು. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬಾರದು. ಖಾತೆಯ ಹೆಸರು, ಲಿಂಕ್, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಅನಂತರವೇ ಬ್ಲಾಕ್. ಆದರೆ ನಗ್ನ ಚಿತ್ರವನ್ನು ಸಾಕ್ಷಿಯೆಂದು ಚಿಕ್ಕಪ್ಪನಿಗೋ ಮಾಸ್ಟ್ರಿಗೋ ಕಳಿಸಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಪ್ರಕಾರ ಮಕ್ಕಳ ಅಂಥ ಚಿತ್ರ ಹಂಚುವುದು ಅಪರಾಧ. 18 ತುಂಬುವ ಮೊದಲಿನ ಚಿತ್ರವಾದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ: ಚಿತ್ರ ಫೋನಿನಲ್ಲೇ ಉಳಿಯುತ್ತದೆ, ಬೆರಳಚ್ಚಿನಂಥ ಅದರ ಅಂಕಿಗುರುತು (ಹ್ಯಾಶ್) ಮಾತ್ರ ಹೋಗಿ, ಸೇವೆಯಲ್ಲಿ ಸೇರಿದ ಜಾಲತಾಣಗಳು ಆ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಮಗು ಕುಗ್ಗಿಹೋಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.