ಪುಟ್ ಆಫ್ ಅಂದರೆ ರದ್ದು ಅಲ್ಲ

ಡಿಗ್ರಿ ಮುಗಿಸಿದ ವರ್ಷ ನನಗೊಂದು ಕೆಲಸದ ಇಂಟರ್‌ವ್ಯೂ ಇತ್ತು. ಹಿಂದಿನ ದಿನ ಮೆಸೇಜ್ ಬಂತು: ‘ದ ಇಂಟರ್‌ವ್ಯೂ ಹ್ಯಾಸ್ ಬೀನ್ ಪುಟ್ ಆಫ್.’ ಆಫ್ ಅಂದರೆ ನನಗೆ ಗೊತ್ತಿದ್ದದ್ದು ಲೈಟ್ ಆಫ್, ಫ್ಯಾನ್ ಆಫ್. ರದ್ದಾಯಿತು ಅಂದುಕೊಂಡೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬರೀ ಮುಂದಕ್ಕೆ ಹೋಗಿತ್ತು ಅಂತ ತಿಳಿಯುವ ಹೊತ್ತಿಗೆ ಬೇರೆಯವರು ಆ ಕೆಲಸಕ್ಕೆ ಸೇರಿಯೂ ಆಗಿತ್ತು. ರದ್ದಾಗಿದ್ದರೆ ಕಾಲ್ ಆಫ್ ಅಂತ ಬರೆಯುತ್ತಿದ್ದರು. ಇವತ್ತಿಗೂ ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಈಗ ಅಕ್ಕನ ಮಗಳು ಪಿಯುಸಿ. ಮೊನ್ನೆ ನೂರು ಫ್ರೇಸಲ್ ವರ್ಬ್‌ಗಳ, ಅಂದರೆ ಪುಟ್ ಆಫ್ ಥರ ಪದಗಳು ಸೇರಿ ಬೇರೆಯೇ ಅರ್ಥ ಕೊಡುವ ಕ್ರಿಯಾಪದಗಳ, ಪಟ್ಟಿ ಹಿಡಿದು ಉರು ಹೊಡೆಯುತ್ತಿದ್ದಳು. ‘ಚಿಕ್ಕಮ್ಮಾ, ಪುಟ್ ಅಂದ್ರೆ ಇಡು, ಔಟ್ ಅಂದ್ರೆ ಹೊರಗೆ. ಬೆಂಕಿ ಆರಿಸೋದಕ್ಕೆ ಪುಟ್ ಔಟ್ ಯಾಕೆ?’ ಅಂದಳು. ‘ಇಲಿ ಬೆಲ್ಲ ತಿಂದುಹಾಕಿತು ಅಂತೀವಲ್ಲ, ಏನನ್ನು ಎಲ್ಲಿಗೆ ಹಾಕಿತು ಹೇಳು’ ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

ಮಗು ಮಲಗಿಕೊಂಡಿತು ಅನ್ನುವಾಗ ಅದು ಏನನ್ನೂ ಕೊಳ್ಳುವುದಿಲ್ಲ, ಅಲ್ವಾ? ಮುಂದೂಡು ಅನ್ನೋದನ್ನೇ ನೋಡಿ, ಮುಂದಕ್ಕೆ ದೂಡೋದು. ಪುಟ್ ಆಫ್‌ಗೆ ಇದಕ್ಕಿಂತ ಒಳ್ಳೆ ಜೋಡಿ ಬೇಕಾ? ಇವನ್ನೆಲ್ಲ ನಾವು ಪಟ್ಟಿ ಓದಿ ಕಲಿತಿಲ್ಲ. ಅಮ್ಮ ಬೈಯುವಾಗ, ಅಜ್ಜಿ ಕಥೆ ಹೇಳುವಾಗ ಕಿವಿಗೆ ಬಿದ್ದು ಕಲಿತಿದ್ದೇವೆ. ಇಂಗ್ಲಿಷಿನದನ್ನೂ ತುಂಡು ಮಾಡದೆ, ಇಡೀ ಒಂದು ಪದ ಅಂತ, ವಾಕ್ಯದ ಜೊತೆಗೇ ಕಲಿಸಬೇಕು. ಮಕ್ಕಳ ಕೈಗೆ ನೂರರ ಪಟ್ಟಿ ಕೊಡಬೇಡಿ. ದಿನ ಬಳಕೆಯ ಹತ್ತು ವಾಕ್ಯ ಕೊಡಿ.

‘ಇಟ್’ ಬಂದಾಗಲೂ ನಾವು ಎಡವುತ್ತೇವೆ. ಟರ್ನ್ ಆಫ್ ದ ಫ್ಯಾನ್, ಟರ್ನ್ ದ ಫ್ಯಾನ್ ಆಫ್, ಎರಡೂ ಸರಿ. ಆದರೆ ಇಟ್ ನಡುವೆಯೇ ಕೂರಬೇಕು: ಟರ್ನ್ ಇಟ್ ಆಫ್. ಲುಕ್ ಆಫ್ಟರ್ ಹಾಗಲ್ಲ, ಅದನ್ನು ಬಿಡಿಸಲು ಬರಲ್ಲ. ಲುಕ್ ಆಫ್ಟರ್ ಇಟ್ ಅಂತಲೇ ಹೇಳಬೇಕು. ನಿಯಮ ಓದಿದರೆ ತಲೆ ತಿರುಗುತ್ತದೆ. ನಾಲ್ಕು ಸಲ ಬಾಯಿಬಿಟ್ಟು ಹೇಳಿದರೆ ತಪ್ಪು ಕಿವಿಗೇ ಗೊತ್ತಾಗುತ್ತದೆ.

ಆಫೀಸ್ ಮೇಲ್‌ಗಳಲ್ಲಿ ಜಾಸ್ತಿ ಕಾಣೋದು ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು.’ ಅದು ಮೀಟಿಂಗ್ ಯು ಆಗಬೇಕು. ಕೋಪ್ ಅಪ್ ವಿತ್ ಕೂಡ ತಪ್ಪು, ಕೋಪ್ ವಿತ್ ಅಂದರೆ ಸಾಕು.

ಪಾಸ್ ಔಟ್ ವಿಷಯದಲ್ಲಿ ಮಾತ್ರ ನನ್ನ ಮಾತು ಬೇರೆ. ‘ಐ ಪಾಸ್ಡ್ ಔಟ್ ಇನ್ 2015’ ಅಂದರೆ ಅಮೆರಿಕದವರು ಪ್ರಜ್ಞೆ ತಪ್ಪಿ ಬಿದ್ದಿರಿ ಅಂದುಕೊಳ್ಳುತ್ತಾರೆ. ಇಲ್ಲಿ ಎಲ್ಲರಿಗೂ ಓದು ಮುಗಿಸಿದ್ದು ಅಂತಲೇ ಅರ್ಥ. ಅದನ್ನು ತಪ್ಪು ಅನ್ನಲು ನಾನು ಒಪ್ಪಲ್ಲ, ಅದು ನಮ್ಮ ಇಂಗ್ಲಿಷ್. ಹೊರದೇಶಕ್ಕೆ ಕಳಿಸುವ ರೆಸ್ಯೂಮೆಯಲ್ಲಿ ಗ್ರಾಜುಯೇಟೆಡ್ ಅಂತ ಬರೆಯಿರಿ, ಅಷ್ಟೇ.