ಹೊಗೆಗೆ ಹಾಜರಿ ಪುಸ್ತಕ ಎಲ್ಲಿದೆ?

ಮುಷ್ಟಿಗೆ ಮುಷ್ಟಿ ತಾಗಿಸಿದ ಆ ವಿಡಿಯೊ ನೀವೂ ನೋಡಿರುತ್ತೀರಿ. 2022ರ ಜುಲೈ 27, ಅಮೆರಿಕದ ಸೆನೆಟ್. ಯುದ್ಧಭೂಮಿಯ ವಿಷದ ಹೊಗೆ ಕುಡಿದು ಕಾಯಿಲೆ ಬಿದ್ದ ಮಾಜಿ ಸೈನಿಕರ ‘ಪ್ಯಾಕ್ಟ್’ ಮಸೂದೆಗೆ 60 ಮತ ಬೇಕಿತ್ತು, ಬಿದ್ದದ್ದು 55. ಆ ಶುಭ ಗಳಿಗೆಯಲ್ಲಿ ರಿಪಬ್ಲಿಕನ್ ಸೆನೆಟರುಗಳಾದ ಟೆಡ್ ಕ್ರೂಜ್, ಸ್ಟೀವ್ ಡೇನ್ಸ್ ಸದನದಲ್ಲೇ ಮುಷ್ಟಿ ತಾಗಿಸಿಕೊಂಡರು. ಆರು ವಾರದ ಹಿಂದೆ ಇದೇ ಸದನ ಇದನ್ನೇ 84–14ರಲ್ಲಿ ಪಾಸು ಮಾಡಿತ್ತು. ನಡುವೆ ಆದದ್ದಿಷ್ಟೆ: ತೆರಿಗೆಯ ಮಾತು ಕೆಳಮನೆಯಲ್ಲೇ ಹುಟ್ಟಬೇಕೆಂಬ ಸಂವಿಧಾನದ ಮಡಿಗೆ ಒಂದು ಅಂಶ ಮೈಲಿಗೆಯಾಗಿತ್ತು, ಅದನ್ನು ಕಿತ್ತು ಮತ್ತೆ ತಂದರು. ಅಷ್ಟರಲ್ಲಿ 25 ಮಂದಿ ರಿಪಬ್ಲಿಕನ್ನರಿಗೆ ಖಜಾನೆಯ ಚಿಂತೆ ಹತ್ತಿಕೊಂಡಿತು. ರೋಗಿಗಳು ಸಂಸತ್ತಿನ ಮೆಟ್ಟಿಲ ಮೇಲೆ ಮಲಗಿದರು, ಹಾಸ್ಯಗಾರ ಜಾನ್ ಸ್ಟುವರ್ಟ್ ಕ್ಯಾಮೆರಾ ಮುಂದೆ ಬಾಯಿಗೆ ಬಂದಂತೆ ಬೈದರು. ಆರೇ ದಿನಕ್ಕೆ ಚಿಂತೆ ವಾಸಿಯಾಗಿ 86–11.

ಆ ಹೊಗೆ ಬಂದದ್ದು ಸೇನಾ ನೆಲೆಗಳ ಕಸ ಸುಡುವ ಗುಂಡಿಗಳಿಂದ. ಇರಾಕಿನ ಬಲಾದ್ ನೆಲೆಯ ಗುಂಡಿಯೊಂದೇ ಸುಮಾರು 10 ಎಕರೆ. ಪ್ಲಾಸ್ಟಿಕ್ ಬಾಟಲಿ, ಬ್ಯಾಟರಿ, ಟೈರು, ಬಣ್ಣದ ಡಬ್ಬ, ಆಸ್ಪತ್ರೆ ಕಸ, ಎಲ್ಲಕ್ಕೂ ಜೆಪಿ-8 ವಿಮಾನ ಇಂಧನ ಸುರಿದು ಬೆಂಕಿ. 850 ಡಿಗ್ರಿಯ ಮೇಲೆ, ಸಾಕಷ್ಟು ಗಾಳಿ ಕೊಟ್ಟು ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಒಡೆದುಹೋಗುತ್ತದೆ. ಬಯಲಲ್ಲಿ ಅರ್ಧಂಬರ್ಧ ಉರಿಯುವ ಪಿವಿಸಿ ಪ್ಲಾಸ್ಟಿಕ್ ಅದನ್ನು ಹುಟ್ಟಿಸುತ್ತದೆ. ಹಾಗಾದರೆ ಕಸ ಸುಡುವ ಕುಲುಮೆ, ಇನ್ಸಿನರೇಟರ್, ಇರಲಿಲ್ಲವೇ? ಇತ್ತಪ್ಪಾ. ಅಫ್ಘಾನಿಸ್ತಾನಕ್ಕೆಂದೇ ಸುಮಾರು 8.2 ಕೋಟಿ ಡಾಲರ್ ಸುರಿದು 23 ಕಟ್ಟಿದರು. ಅದರಲ್ಲಿ 8 ಬಳಕೆಗೇ ಬರಲಿಲ್ಲ. ಅವುಗಳಿಂದ ಒಂದು ಗ್ರಾಂ ಮಾಲಿನ್ಯವೂ ಆಗಿಲ್ಲ ಎಂಬುದನ್ನು ಪರಿಸರಪ್ರೇಮಿಗಳು ಗಮನಿಸಬೇಕು.

ಕೆಮ್ಮುತ್ತ ಊರಿಗೆ ಬಂದು ಪರಿಹಾರ ಕೇಳಿದವನಿಗೆ ಮಾಜಿ ಸೈನಿಕರ ಇಲಾಖೆ ಮೂರು ಪುರಾವೆ ಕೇಳಿತು: ಈಗ ಕಾಯಿಲೆ ಇದೆ, ಸೇವೆಯಲ್ಲಿದ್ದಾಗ ವಿಷ ತಾಗಿತ್ತು, ಎರಡಕ್ಕೂ ಸಂಬಂಧವಿದೆ ಎಂದು ವೈದ್ಯರ ಪತ್ರ. ಸೈನಿಕನ ಕಡತದಲ್ಲಿ ಲಸಿಕೆಯ ಲೆಕ್ಕ ಇರುತ್ತದೆ, ಹಲ್ಲಿನ ಲೆಕ್ಕ ಇರುತ್ತದೆ. ಇಂಥ ದಿನ ಇಷ್ಟು ಹೊಗೆ ಒಳಗೆ ಹೋಯಿತೆಂದು ಬರೆಯಲು ಕಾಲಂ ಇಲ್ಲ. 2007ರಿಂದ 2020ರವರೆಗೆ ಇಂಥ ಅರ್ಜಿಗಳಲ್ಲಿ ಮುಕ್ಕಾಲಕ್ಕಿಂತ ಹೆಚ್ಚು ತಿರಸ್ಕೃತ. ನಮ್ಮ ತಾಲ್ಲೂಕು ಕಚೇರಿಯವರು ನೋಡಿದರೆ ಹೊಟ್ಟೆಕಿಚ್ಚು ಪಟ್ಟಾರು.

ಇದಕ್ಕೆ ಪರಂಪರೆಯೂ ಇದೆ. ವಿಯೆಟ್ನಾಂನಲ್ಲಿ ಕಳೆನಾಶಕ ಸಿಂಪಡಿಸುವುದು 1971ಕ್ಕೆ ನಿಂತಿತು, ಅವುಗಳಲ್ಲೊಂದಾದ, ಡಯಾಕ್ಸಿನ್ ಬೆರೆತಿದ್ದ ಏಜೆಂಟ್ ಆರೆಂಜ್ ಹೆಸರಿನ ಕಾನೂನು ಬಂದದ್ದು 1991ಕ್ಕೆ. 2002ರಲ್ಲಿ ಇಲಾಖೆಗೆ ಜ್ಞಾನೋದಯವಾಯಿತು: ನೆಲಕ್ಕೆ ಕಾಲಿಟ್ಟವರಿಗೆ ಮಾತ್ರ ಸೌಲಭ್ಯ. ತೀರದಾಚೆಯ ಹಡಗಿನವರು ಕಾಲಿಟ್ಟಿಲ್ಲವಲ್ಲ! ಆ ಹಡಗುಗಳು ಕುಡಿಯಲು ಸಮುದ್ರದ ನೀರನ್ನೇ ಬಟ್ಟಿ ಇಳಿಸುತ್ತಿದ್ದವು. ಉಪ್ಪು ಹಿಂದೆ ಉಳಿಯುತ್ತದೆ, ಡಯಾಕ್ಸಿನ್ ಆವಿಯ ಜೊತೆ ದಾಟಿ ಬಟ್ಟಿ ನೀರಿನಲ್ಲಿ ಇನ್ನೂ ಗಾಢವಾಗುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿಕೊಟ್ಟಿದ್ದರು. ಇರಲಿ, ಕಾಲು ಎಲ್ಲಿ? 2019ರವರೆಗೆ ಇದೇ ಪ್ರಶ್ನೆ.

ವ್ಯಂಗ್ಯ ಸಾಕು. ಗುಂಡಿ ತೋಡಿಸಿದ್ದು ಸರ್ಕಾರ, ಅದರ ಪಕ್ಕದಲ್ಲೇ ಮಲಗಿಸಿದ್ದು ಸರ್ಕಾರ, ಹೊಗೆ ಎಲ್ಲಿತ್ತು ತೋರಿಸು ಎಂದದ್ದೂ ಅದೇ ಸರ್ಕಾರ. ತೋರಿಸುವಷ್ಟರಲ್ಲಿ ಜನ ಸತ್ತರು. ಪ್ಯಾಕ್ಟ್ ಕಾನೂನಿಗೆ ಹೆಸರು ಕೊಟ್ಟ ಸೈನಿಕ ಹೀತ್ ರಾಬಿನ್ಸನ್ 2020ರಲ್ಲೇ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅದೇ ಗಾಳಿ ಉಸಿರಾಡಿದ ಬಲಾದ್ ಸುತ್ತಲಿನ ಇರಾಕಿಗಳಿಗಂತೂ ತಿರಸ್ಕರಿಸಲಿಕ್ಕೂ ಒಂದು ಫಾರಂ ಇಲ್ಲ.

ಈಗ 20ಕ್ಕೂ ಹೆಚ್ಚು ಕಾಯಿಲೆಗಳಿಗೆ ಸಂಬಂಧ ಸಾಬೀತು ಮಾಡಬೇಕಿಲ್ಲ. ಪಟ್ಟಿಯಲ್ಲಿರುವ ದೇಶದಲ್ಲಿ ಆ ಅವಧಿಯಲ್ಲಿ ಸೇವೆ ಮಾಡಿದ್ದರೆ ಸಾಕು. ಒಳ್ಳೆಯದೇ. ಆದರೆ ಹಿಂದೆ ಯಾರನ್ನೆಲ್ಲ ಅಟ್ಟಿದೆವು ಎಂಬುದು ಇಲಾಖೆಯ ಕಡತದಲ್ಲೇ ಇದ್ದರೂ ಕಾಯಿಲೆಯವನೇ 20-0995 ಫಾರಂ ತುಂಬಿ ಮತ್ತೆ ಕೇಳಬೇಕು. 2022ರ ಆಗಸ್ಟ್ 10ರಿಂದ ಹಿಂಬಾಕಿ ಬೇಕಿದ್ದವರಿಗೆ ಮರುವರ್ಷ ಆಗಸ್ಟ್ 9ರ ಗಡುವು. ಎಲ್ಲರೂ ಕೊನೆಗೆ ಒಟ್ಟಿಗೆ ನುಗ್ಗಿದಾಗ ವೆಬ್‌ಸೈಟ್ ಮುಗ್ಗರಿಸಿ ಗಡುವು 14ಕ್ಕೆ ಹೋಯಿತು. ಸತ್ತವರ ಹೆಂಡಂದಿರಿಗೆ ಫಾರಂ ಬೇರೆ, 21ಪಿ-534ಇಝಡ್. ಮರಣ ಪ್ರಮಾಣಪತ್ರ ಲಗತ್ತಿಸಬೇಕು, ಸಾವಿನ ಕಾರಣ ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು.