ಸುಮಾರು 30.48 ಮೀಟರ್

ಕಂದಕ ಸುಮಾರು ನೂರು ಅಡಿ ಆಳವಿದೆ ಎಂದು ಯಾರೋ ಅಂಚಿನಿಂದ ಬಗ್ಗಿ ನೋಡಿ ಹೇಳುತ್ತಾರೆ. ತೊಂಬತ್ತೂ ಅನ್ನಬಹುದಿತ್ತು, ನೂರಿಪ್ಪತ್ತೂ ಅನ್ನಬಹುದಿತ್ತು. ಬಾಯಿಗೆ ನೂರು ಬಂತು. ಅದೇ ಸುದ್ದಿ ಮೆಟ್ರಿಕ್ ಓದುಗರ ಕೈ ಸೇರುವಷ್ಟರಲ್ಲಿ ‘ಸುಮಾರು 30.48 ಮೀಟರ್’ ಆಗಿರುತ್ತದೆ. ಕಣ್ಣಂದಾಜು ಮಾಡಿದವನು ಅಂಚಿನಲ್ಲೇ ನಿಂತಿದ್ದ, ಸುದ್ದಿಮನೆಯ ಕ್ಯಾಲ್ಕುಲೇಟರ್ ಮಾತ್ರ ತಳಕ್ಕಿಳಿದು ಸೆಂಟಿಮೀಟರ್ ಸಮೇತ ಅಳೆದುಕೊಂಡು ಬಂತು. ಹತ್ತು ಮೈಲಿ ದೂರಕ್ಕೂ ಕೇಳಿಸಿದ ಸ್ಫೋಟದ ಸದ್ದೂ ಅಷ್ಟೇ, ಶಿಸ್ತಾಗಿ 16.09 ಕಿ.ಮೀ.ಗೆ ನಿಂತುಬಿಡುತ್ತದೆ.

ಮನುಷ್ಯರ ಎತ್ತರಕ್ಕೆ ಬಂದರೆ ಯಂತ್ರದ ಕೈಚಳಕ ಇನ್ನೂ ದೊಡ್ಡದು. ಐದಡಿ ಎಂಟಿಂಚಿನವರು 5.8 ಎಂದು ತುಂಬಿ ಗುಂಡಿ ಒತ್ತಲಿ, 176.8 ಸೆಂ.ಮೀ. ಬರುತ್ತದೆ. ನಿಜವಾದ ಎತ್ತರ 172.7. ಕೂತಲ್ಲೇ ನಾಲ್ಕು ಸೆಂಟಿಮೀಟರ್ ಲಾಭ! ಐದಡಿ ಹನ್ನೊಂದಿಂಚಿನವರ ಹಣೆಬರಹ ಬೇರೆ: 5.11 ಎಂದು ಬರೆದ ತಪ್ಪಿಗೆ ನೂರೆಂಬತ್ತರಿಂದ 155.8ಕ್ಕೆ ಕುಸಿಯುತ್ತಾರೆ. ಅಡಿಗೆ ಇಂಚು ಹನ್ನೆರಡು ಎಂದು ದಶಮಾಂಶ ಚುಕ್ಕೆಗೆ ಯಾರೂ ಹೇಳಿಕೊಟ್ಟಿಲ್ಲ.

ಇಷ್ಟಾದರೂ ಇಂಚಿನ ಕಟ್ಟಾ ಅಭಿಮಾನಿಗಳಿಗೆ ಮೀಟರ್ ಎಂದರೆ ಪರಕೀಯರ ದಾಳಿ. ಅವರಿಗೆ 1959ರ ಕಥೆ ಹೇಳದಿರುವುದೇ ಕ್ಷೇಮ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಅಂದು ಕೂಡಿ ಗಜವನ್ನು 0.9144 ಮೀಟರಿಗೆ ಕಟ್ಟಿಹಾಕಿದವು. ಅಲ್ಲಿಗೆ ಇಂಚೆಂದರೆ 25.4 ಮಿಲಿಮೀಟರ್, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಅಮೆರಿಕವಂತೂ 1893ರಿಂದಲೇ ತನ್ನ ಗಜಕ್ಕೆ ಮೀಟರಿನ ಆಧಾರ ಕೊಟ್ಟಿತ್ತು. ಬೀದಿಯಲ್ಲಿ ಮೀಟರಿಗೆ ಧಿಕ್ಕಾರ, ಮನೆಯೊಳಗೆ ಮೀಟರಿನದೇ ಋಣ.

ಆ ಒಪ್ಪಂದಕ್ಕೊಂದು ಬಾಲವೂ ಇತ್ತು. ಅಮೆರಿಕದ ಭೂಮಾಪನದ ದಾಖಲೆಗಳೆಲ್ಲ ಹಳೆಯ ಅಡಿಯಲ್ಲಿದ್ದವು. ಸರಿ, ಅವಕ್ಕೆಂದೇ ‘ಸರ್ವೆ ಅಡಿ’ ಉಳಿಯಿತು: ಮೀಟರನ್ನು 3937 ಪಾಲು ಮಾಡಿ 1200 ಪಾಲು ತೆಗೆದುಕೊಳ್ಳಿ, ಅದೇ. ಹೊಸ ಅಡಿಗೂ ಇದಕ್ಕೂ ವ್ಯತ್ಯಾಸ ಹತ್ತು ಲಕ್ಷದಲ್ಲಿ ಎರಡು ಭಾಗ. ಕಣ್ಣಿಗೆ ಕಾಣುವುದಿಲ್ಲ, ನಿಜ; ಆದರೆ ಮೂಲಬಿಂದುವಿನಿಂದ ಇಪ್ಪತ್ತು ಲಕ್ಷ ಅಡಿ ದೂರ ಎಂದು ಬರೆದ ನಿರ್ದೇಶಾಂಕದಲ್ಲಿ ಒಂದರ ಬದಲು ಇನ್ನೊಂದು ನುಸುಳಿದರೆ ಗಡಿಗಲ್ಲು ನಾಲ್ಕಡಿ ಪಕ್ಕದವರ ಅಂಗಳದಲ್ಲಿರುತ್ತದೆ. ತಾತ್ಕಾಲಿಕ ಎಂದು ಬಿಟ್ಟ ಈ ಅಡಿ ಅಧಿಕೃತವಾಗಿ ನಿವೃತ್ತಿಯಾದದ್ದು 2022ರ ಕೊನೆಗೆ. ಸರ್ಕಾರಿ ‘ತಾತ್ಕಾಲಿಕ’ಕ್ಕೆ ಇದೇನು ದೊಡ್ಡ ಆಯುಷ್ಯವಲ್ಲ ಬಿಡಿ.

ಇನ್ನು ಉತ್ತರ ಅಮೆರಿಕದಲ್ಲಿ ‘ಟೂ ಬೈ ಫೋರ್’, ಅಂದರೆ ಎರಡಿಂಚಿಗೆ ನಾಲ್ಕಿಂಚು, ಎಂದು ಮಾರುವ ಮರದ ತುಂಡು. ಟೇಪು ಹಿಡಿದರೆ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ. ಒಣಗಿಸಿ ಹತ್ತರಿ ಹೊಡೆದಾಗ ಮರ ಸಣ್ಣದಾಯಿತು, ಹೆಸರು ಸಣ್ಣದಾಗಲಿಲ್ಲ. ಅದನ್ನು ಶ್ರದ್ಧೆಯಿಂದ ಮಿಲಿಮೀಟರಿಗೆ ತಿರುಗಿಸಿ ನಕ್ಷೆಯಲ್ಲಿ 50.8×101.6 ಎಂದು ಬರೆದವರಿಗೆ ಗಣಿತದಲ್ಲಿ ನೂರಕ್ಕೆ ನೂರು. ಬಂದಿಳಿದ ಮರ 38×89.